ಮೂವತ್ತೇಳನೇ ಮನೆಯ ಗುಂಡಿ

ಅಂಗಿ ಗುಂಡಿಗಿಂತ ಕೊಂಚ ದಪ್ಪ, ಅಷ್ಟೇ.
ತಗಡಿನ ಸೂರಿನಿಂದ ಗೇಣುದ್ದ ಕೆಳಗೆ
ದಾರ ಕಟ್ಟಿ ತೂಗುಬಿಟ್ಟು ಬಂದೆ, ನಲವತ್ತು ಮನೆಗೆ.
ಹತ್ತು ನಿಮಿಷಕ್ಕೊಮ್ಮೆ ಸೆಕೆ ಬರೆದುಕೊಳ್ಳುತ್ತೆ,
ಫೋಟೊ ತೆಗೆಯಲ್ಲ, ಕರೆಂಟು ಕುಡಿಯಲ್ಲ
ಅಂತ ಬಾಗಿಲು ಬಾಗಿಲಿಗೂ ಅದೇ ಪಾಠ ಒಪ್ಪಿಸಿದೆ.
"ಮನೆ ಒಡೆಯೋಕೆ ಅಳತೆ ತಗೊಳ್ತಿದೀರಾ?"
ಅಂದವರು ಹನ್ನೊಂದು ಮಂದಿ.
ಅದನ್ನೂ ಬರೆದುಕೊಂಡೆ, ಅಂಚಿನಲ್ಲಿ.

ನಾನೂ ಇಲ್ಲಿಯವಳೇ, ಮೈಸೂರು ರಸ್ತೆ ಮೇಲ್ಸೇತುವೆಯ
ನೆರಳು ಸಂಜೆ ಮಾತ್ರ ಬೀಳುವ ಗಲ್ಲಿ.
ದಿನಕ್ಕೆ ಆರುನೂರು, ಕೊರಳಿಗೆ ಗುರುತಿನ ಚೀಟಿ,
ಕೈಗೊಂದು ಟ್ಯಾಬು.
ಲಂಗದಲ್ಲಿ ಓಡಾಡಿದ್ದನ್ನು ಕಂಡವರು
ಈಗ "ಬನ್ನಿ ಮೇಡಂ" ಅಂತಾರೆ, ನಗೋದಕ್ಕೆ.

ಷಹತಾಜ್ ಮನೆ ಮೂವತ್ತೇಳು.
ಚಾಪೆ ತುಂಬ ಊದಿನಕಡ್ಡಿ, ಉಗುರೊಳಗೆ ಕರಿ ಹಿಟ್ಟು,
ಬೆವರು ಒರೆಸಿಕೊಂಡಲ್ಲೆಲ್ಲ ಹಣೆಗೆ ಕರಿ ಗೀರು.
ಮೂಸಿ ನೋಡಿದೆ. ವಾಸನೆಯೇ ಇಲ್ಲ.
ಪರಿಮಳಕ್ಕೆ ಅದ್ದೋದು ಬೇರೆ ಕಡೆಯಂತೆ,
ಮಾಗಡಿ ರೋಡಿನಾಚೆ ಎಲ್ಲೋ. ಅವಳು ನೋಡಿಲ್ಲ.

ಫ್ಯಾನ್ ಇದೆಯಾ?
ಇದೆ.
ಒತ್ತಿದೆ. ಟ್ಯಾಬು ಮುಂದಿನ ಪ್ರಶ್ನೆಗೆ ಹಾರಿತು.
"ಇದೆ, ಹಾಕೋಕಾಗಲ್ಲ ಕಣೇ. ಪುಡಿ ಹಾರತ್ತೆ.
ಹಾರಿದ್ದನ್ನ ಕೂಲೀಲಿ ಹಿಡೀತಾರೆ."
ಹಿಂದಕ್ಕೆ ಬಂದೆ. ಅಲ್ಲಿ ಎರಡೇ ಚೌಕ.

ದಿನಕ್ಕೆ ಎಷ್ಟು ಲೋಟ ನೀರು?
ಎರಡು.
ಯಾಕೆ?
ನನ್ನ ಮುಖ ನೋಡಿದಳು.
ಗಲ್ಲಿಯ ಪಾಯಿಖಾನೆಗೆ ಚಿಲಕವಿಲ್ಲ,
ಕತ್ತಲಾಗುವ ತನಕ ತಡೆದುಕೊಳ್ಳೋದು
ನಾನೂ ಹತ್ತು ವರ್ಷಕ್ಕೇ ಕಲಿತ ವಿದ್ಯೆ.
ಆದರೂ ಕೇಳಬೇಕು, ಕೇಳಿದೆ.
ಅವಳೂ ದೂರದೂರಿನವಳಿಗೆ ಹೇಳುವ ಹಾಗೆ
ಉರಿ, ಚಳಿಜ್ವರ, ಮೆಡಿಕಲ್ ಶಾಪಿನ ಬಿಡಿ ಮಾತ್ರೆ
ಎಲ್ಲ ಮೊದಲಿಂದ ಹೇಳಿದಳು.

ಏಪ್ರಿಲ್ ಮುಗಿಯಿತು. ಗುಂಡಿ ಬಿಚ್ಚಿ ತಂದೆವು.
ಆಫೀಸಿನ ಗೋಡೆ ಮೇಲೆ ಗೆರೆಗಳೆದ್ದವು.
ಹೊರಗೆ ಮೂವತ್ತಾರಿದ್ದಾಗ ಸೂರಿನಡಿ ನಲವತ್ತೊಂದು.
ಬೆಂಗಳೂರಿಗೆ ಫ್ಯಾನೇ ಬೇಡ ಅನ್ನುವ ಕಾಲವಿತ್ತು
ಅಂತ ನಿಟ್ಟುಸಿರಿಟ್ಟರು ಡಾಕ್ಟರ್ ಸುಚರಿತಾ.
ಇದ್ದಿರಬಹುದು. ನಮ್ಮದು ಆಗಲೂ ತಗಡು.

ಮೂವತ್ತೊಂಬತ್ತು ಗೆರೆ ಗುಡ್ಡದಂತೆ ಏರಿ
ಬೆಳಗಿನ ಜಾವಕ್ಕೆ, ಒಲ್ಲದ ಮನಸ್ಸಿನಿಂದ, ಇಳಿದವು.
ಮೂವತ್ತೇಳರದು ಮಾತ್ರ
ರಾತ್ರಿ ಒಂದಕ್ಕೆ ಬಾವಿಗೆ ಬಿದ್ದ ಕೊಡದಂತೆ ಬಿದ್ದು
ನಾಲ್ಕಕ್ಕೆ ಮತ್ತೆ ಮೇಲೆ ಬರುತ್ತಿತ್ತು. ದಿನವೂ.
"ಯಂತ್ರ ಕೆಟ್ಟಿದೆ. ಲೆಕ್ಕದಿಂದ ತೆಗೆಯೋಣ."
ಒಂದು ದಿನ ತಡೀರಿ ಅಂದೆ.

"ಓ, ಅದಾ?" ಷಹತಾಜ್ ಕೈ ನಿಲ್ಲಲಿಲ್ಲ.
"ಮಗಳಿಗೆ ಮೈಯೆಲ್ಲ ಬೆವರುಸಾಲೆ, ಮಲಗಲ್ಲ.
ಒಂದು ಗಂಟೆಗೆ ಎತ್ತಿಕೊಂಡು ಮೋರಿಕಲ್ಲ ಮೇಲೆ ಕೂರ್ತೀನಿ,
ನೀರಿನ ಟ್ಯಾಂಕರ್ ಬರೋ ತನಕ.
ಇದನ್ನೂ ಬಿಚ್ಚಿ ಜೊತೇಲಿ ತರ್ತಿದ್ದೆ.
ಹಗಲೆಲ್ಲ ಆ ಸೆಕೇಲಿ ನೇತಾಡಿರತ್ತೆ, ಪಾಪ."
ಆಮೇಲೆ ಕೈ ನಿಂತಿತು.
"ತಪ್ಪಾಯ್ತಾ? ನಿಂಗೆ ಕೂಲಿ ಹಿಡೀತಾರಾ?"

ಅಂಗನವಾಡಿಯಲ್ಲಿ ಸಭೆ. ಮೂವತ್ತೇಳರ ಗೆರೆಯೂ ಗೋಡೆಯಲ್ಲಿತ್ತು.
ಇದಕ್ಕಾಗಿ ಎಷ್ಟು ಜಗಳವಾಯಿತೆಂದು ಇಲ್ಲಿ ಬೇಡ.
ಯಾರ ಮನೆ ಯಾವುದು ಅಂತ ಹೆಂಗಸರು ಮುತ್ತಿಕೊಂಡರು.
ಅವಳು ಬೆರಳಿಟ್ಟು ಏರಿದಳು, ಇಳಿದಳು,
ತಗ್ಗಿನ ತಳ ಮುಟ್ಟಿ "ಇಲ್ಲಿ ನಾವು" ಅಂದಳು ಮಗಳಿಗೆ.
ಎಷ್ಟು ತೊಳೆದರೂ ಹೋಗದ ಕರಿ
ಕಾಗದದ ಮೇಲೆ ಅಚ್ಚಾಯಿತು.

ಈಗ ಎರಡನೇ ಸುತ್ತು. ಟ್ಯಾಬಿನಲ್ಲಿ ಹೊಸ ಫಾರಂ.
ಫ್ಯಾನಿನ ಪ್ರಶ್ನೆಗೆ ಮೂರನೇ ಚೌಕ ಬಂದಿದೆ:
ಇದೆ, ಹಾಕೋಕಾಗಲ್ಲ.
ಅವಳ ಮಾತೇ.
"ಕಣೇ" ಅನ್ನೋದನ್ನ ಮಾತ್ರ ಬಿಟ್ಟಿದ್ದಾರೆ.